ಚಿಪ್ಪಿಗೊಂದು ಬಿಸಿಲು

ಸಿಯಾಟಲ್‌ನಲ್ಲಿ ಡಿಸೆಂಬರ್ ಎಂದರೆ ಬೆಳಿಗ್ಗೆ ಎಂಟಕ್ಕೆ ಬೆಳಗಾಗಿ ಸಂಜೆ ನಾಲ್ಕೂಕಾಲಿಗೆ ಕತ್ತಲು ಕವಿಯುವ ತಿಂಗಳು. ನಡುವಿನ ಎಂಟು ಚಿಲ್ಲರೆ ತಾಸಿನಲ್ಲಾದರೂ ಸೂರ್ಯ ಮುಖ ತೋರಿಸುತ್ತಾನೆಂಬ ಖಾತ್ರಿ ಇಲ್ಲ. ಮೋಡ, ಜಿಟಿಜಿಟಿ ಮಳೆ, ಮತ್ತೆ ಮೋಡ. ಮಂಡಿನೋವೆಂದು ಹೋದರೂ ಡಾಕ್ಟರು ಮೊದಲು ವಿಟಮಿನ್ ಡಿ ಎಷ್ಟಿದೆ ನೋಡೋಣ ಎನ್ನುತ್ತಾರೆ. ಅಂಥ ದಿನಗಳಲ್ಲೂ ನಮ್ಮ ಮನೆಯ ಒಂದು ಮೂಲೆಯಲ್ಲಿ ಮಾತ್ರ ಹೊತ್ತಿಗೆ ಸರಿಯಾಗಿ ಮುಂಜಾವಾಗುತ್ತದೆ, ನೆತ್ತಿಯ ಮೇಲಿನ ಮಧ್ಯಾಹ್ನ ಬರುತ್ತದೆ, ಸಂಜೆ ಮೆಲ್ಲಗೆ ನೀಲಿಗೆ ತಿರುಗಿ ಆರುತ್ತದೆ. ಅದು ಹಾಲಿನಲ್ಲಿರುವ ಎಂಬತ್ತು ಲೀಟರಿನ ಗಾಜಿನ ತೊಟ್ಟಿ. ಒಳಗೆ ಉಪ್ಪುನೀರು, ತೂತುತೂತಾದ ಕಲ್ಲುಗಳು, ಆ ಕಲ್ಲುಗಳಿಗೆ ಅಂಟಿಸಿದ ಹವಳದ ತುಂಡುಗಳು, ಒಂದು ಜೋಡಿ ಕ್ಲೌನ್ ಮೀನು, ಮತ್ತು ಅಂಗೈಗಿಂತ ಚಿಕ್ಕದಾದ ಒಂದು ಚಿಪ್ಪು. “ನಮಗೆ ಮಂಕು ಮಳೆ, ಚಿಪ್ಪಿಗೆ ಮಟಮಟ ಮಧ್ಯಾಹ್ನ” ಎನ್ನುವುದು ನನ್ನ ಹೆಂಡತಿಯ ಕಾಯಂ ದೂರು. ಅದರಲ್ಲಿ ಉತ್ಪ್ರೇಕ್ಷೆ ಏನೂ ಇಲ್ಲ.

ಕಳೆದ ಚಳಿಗಾಲದಲ್ಲಿ ಅಮ್ಮ ಊರಿನಿಂದ ಬಂದಿದ್ದರು. ನಮ್ಮದು ಕುಮಟಾದ ಪಕ್ಕ, ಅಘನಾಶಿನಿ ಸಮುದ್ರ ಸೇರುವ ಅಳಿವೆಯ ದಡ. ನೀರಿಳಿದ ಹೊತ್ತಿಗೆ ಜನ ಬುಟ್ಟಿ ಹಿಡಿದು ಕೆಸರಿಗಿಳಿದು ಬಳಚು ಆರಿಸುವುದು ಅಲ್ಲಿಯ ದಿನದ ನೋಟ. ಬಳಚಿನ ಸುಕ್ಕಕ್ಕೆ ಎಷ್ಟು ಕಾಯಿ, ಎಷ್ಟು ಹುಳಿ ಎಂಬುದರಲ್ಲಿ ಅಮ್ಮನ ಮಾತೇ ನಮ್ಮಲ್ಲಿ ಕಡೆಯ ತೀರ್ಪು. ಅವರು ತೊಟ್ಟಿಯ ಮುಂದೆ ಕುರ್ಚಿ ಎಳೆದುಕೊಂಡು ಕೂತು ಬಹಳ ಹೊತ್ತು ಚಿಪ್ಪನ್ನೇ ನೋಡಿದರು.

“ಇದಕ್ಕೆ ತಿನ್ನಲಿಕ್ಕೆ ಏನು ಹಾಕ್ತೆ?”

“ಬೆಳಕು.”

“ಬೆಳಕು ತಿಂದು ದಪ್ಪ ಆಗ್ತದಾ?”

“ಆಗ್ತದೆ.”

“ಹಾಗಾದ್ರೆ ತಿನ್ನಲಿಕ್ಕೆ ಯಾವಾಗ ಬರ್ತದೆ?”

ಅಮ್ಮನ ಮೊದಲ ಪ್ರಶ್ನೆ ನಿಜಕ್ಕೂ ಒಳ್ಳೆಯ ಪ್ರಶ್ನೆ. ನಮ್ಮೂರ ಬಳಚು ಕೆಸರಿನಲ್ಲಿ ಹೂತುಕೊಂಡು ನೀರು ಸೋಸಿ ಬದುಕುವ ಪ್ರಾಣಿ. ಅದಕ್ಕೆ ಬಿಸಿಲು ಇದ್ದರೆಷ್ಟು, ಬಿಟ್ಟರೆಷ್ಟು. ತೊಟ್ಟಿಯಲ್ಲಿರುವುದು ಟ್ರೈಡ್ಯಾಕ್ನಾ ಕ್ರೋಸಿಯಾ, ದೈತ್ಯ ಚಿಪ್ಪುಗಳ ಕುಟುಂಬದ ಕಿರಿಯ ಸದಸ್ಯ. ಹದಿನೈದು ಸೆಂಟಿಮೀಟರಿನ ಆಚೀಚೆ ಇದರ ಬೆಳವಣಿಗೆ ಮುಗಿಯುತ್ತದೆ. ಇದೂ ನೀರು ಸೋಸುತ್ತದೆ, ನಿಜ. ಆದರೆ ಸಂಸಾರ ನಡೆಯುವುದು ಅದರಿಂದಲ್ಲ. ಚಿಪ್ಪಿನ ಅಂಚಿನಾಚೆ ಹರಡಿಕೊಳ್ಳುವ ಮಾಂಸಲವಾದ ತುಟಿಯಲ್ಲಿ ಲಕ್ಷಗಟ್ಟಲೆ ಏಕಕೋಶ ಪಾಚಿಗಳು ಮನೆ ಮಾಡಿಕೊಂಡಿವೆ. ಅವು ಬೆಳಕಿನಲ್ಲಿ ಸಕ್ಕರೆ ತಯಾರಿಸುತ್ತವೆ, ಬಹುಪಾಲನ್ನು ಮನೆಯ ಯಜಮಾನನಿಗೆ ಬಾಡಿಗೆಯಾಗಿ ಒಪ್ಪಿಸುತ್ತವೆ. ಹವಳಗಳ ಸಂಸಾರವೂ ಇದೇ ಕಟ್ಟಳೆಯದು. ಹಾಗಾಗಿ ಇಂಥ ತೊಟ್ಟಿಯ ಮೇಲೆ ತೂಗುವ ದೀಪ ಅಲಂಕಾರಕ್ಕಲ್ಲ, ಅಡುಗೆಗೆ.

ಈ ಬಾಡಿಗೆ ಲೆಕ್ಕ ಅರ್ಥವಾಗಲು ವಿಜ್ಞಾನಿಗಳಿಗೆ ಸಾಕಷ್ಟು ಕಾಲ ಹಿಡಿಯಿತು. 1928-29ರಲ್ಲಿ ಮಾರಿಸ್ ಯಂಗ್ ಎಂಬ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞರ ತಂಡ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ಗೆ ಹೋಗಿ ಲೋ ಐಲ್ಸ್ ದ್ವೀಪಗಳಲ್ಲಿ ವರ್ಷಕ್ಕೂ ಮೇಲೆ ಬೀಡುಬಿಟ್ಟಿತು. ಅವರು ಹವಳಗಳನ್ನು ಬೆಳಕು ತೂರದ ಪೆಟ್ಟಿಗೆಗಳಲ್ಲಿಟ್ಟು ಪರೀಕ್ಷಿಸಿದರು. ಪಾಚಿಗಳು ಹೊರಬಿದ್ದರೂ ಹವಳ ಬದುಕಿದ್ದನ್ನು ಕಂಡು, ಹವಳ ಶುದ್ಧ ಮಾಂಸಾಹಾರಿ, ಪಾಚಿಯಿಂದ ಅದಕ್ಕೆ ಊಟವಿಲ್ಲ ಎಂದು ಯಂಗ್ ತೀರ್ಮಾನಿಸಿದರು. ತಮಾಷೆ ಎಂದರೆ ಅದೇ ಯಂಗ್, ದೈತ್ಯ ಚಿಪ್ಪುಗಳು ಮಾತ್ರ ತಮ್ಮ ತುಟಿಯಲ್ಲಿ ಪಾಚಿಯ ಬೇಸಾಯ ಮಾಡುತ್ತವೆ ಎಂದು ಸರಿಯಾಗಿಯೇ ಗುರುತಿಸಿದರು. ಹವಳದ ಬಗ್ಗೆ ಕೊಟ್ಟ ತೀರ್ಪು ಮುಂದೆ ಬಿದ್ದುಹೋಯಿತು. 1959ರಲ್ಲಿ ಜಮೈಕಾದಲ್ಲಿ ಥಾಮಸ್ ಗೊರೋ ವಿಕಿರಣಶೀಲ ಕ್ಯಾಲ್ಸಿಯಂ ಬಳಸಿ ಅಳೆದು, ಹವಳ ಕತ್ತಲಿಗಿಂತ ಬೆಳಕಿನಲ್ಲಿ ಬಹಳ ವೇಗವಾಗಿ ಸುಣ್ಣ ಕಟ್ಟುತ್ತದೆಂದು ತೋರಿಸಿದರು. ಆಮೇಲಿನ ಅನೇಕ ಅಳತೆಗಳನ್ನು ಒಟ್ಟಿಗೆ ನೋಡಿದರೆ ಆ ವ್ಯತ್ಯಾಸ ಸುಮಾರು ಮೂರು ಪಟ್ಟು.

ಚಿಪ್ಪಿನ ಕಥೆಯಲ್ಲಿ ಪಲಾವ್ ಎಂಬ ಶಾಂತಸಾಗರದ ಪುಟ್ಟ ದೇಶ ಮತ್ತೆಮತ್ತೆ ತಲೆಹಾಕುತ್ತದೆ. ಹೆಸರು ಕೇಳಿ ಅಡುಗೆಮನೆಯ ಕಡೆ ನೋಡಬೇಡಿ. ಜಪಾನಿನವರು 1930ರ ದಶಕದಲ್ಲಿ ಅಲ್ಲೊಂದು ಜೀವಶಾಸ್ತ್ರ ಕೇಂದ್ರ ನಡೆಸುತ್ತಿದ್ದರು. ಅಲ್ಲಿ ದುಡಿದ ಸಿರೋ ಕವಾಗುಟಿ, ಹವಳದೊಳಗಿನ ಪಾಚಿ ಡೈನೊಫ್ಲಾಜೆಲೇಟ್ ಜಾತಿಯದೆಂದು 1944ರಲ್ಲಿ ತಿಳಿಸಿದರು. 1980ರ ದಶಕದಲ್ಲಿ ಅದೇ ಪಲಾವ್‌ನಲ್ಲಿ ಜೆರಾಲ್ಡ್ ಹೆಸ್ಲಿಂಗಾ ದೈತ್ಯ ಚಿಪ್ಪುಗಳನ್ನು ಮೊಟ್ಟೆಯಿಂದ ದೊಡ್ಡ ಪ್ರಮಾಣದಲ್ಲಿ ಸಾಕಿ ತೋರಿಸಿದರು. ಸಮುದ್ರದಿಂದ ಕೀಳದೆ, ಸಾಕಿದ ಚಿಪ್ಪನ್ನೇ ಮನೆಯ ತೊಟ್ಟಿಗೆ ತರಲು ಸಾಧ್ಯವಾದದ್ದು ಅಂಥ ಕೆಲಸದಿಂದ. 2014ರಲ್ಲಿ ಅಲಿಸನ್ ಸ್ವೀನಿಯವರ ತಂಡ ಪಲಾವ್‌ನ ಚಿಪ್ಪುಗಳನ್ನು ಅಭ್ಯಾಸ ಮಾಡಿ, ಆ ತುಟಿಯ ಮೇಲಿನ ನೀಲಿ-ಹಸಿರು-ಬಂಗಾರದ ಮಿಂಚು ಬರೀ ಚಂದಕ್ಕಲ್ಲ ಎಂದಿತು. ಮಿನುಗುವ ಕೋಶಗಳು ಬೇಡದ ಬಣ್ಣವನ್ನು ಹಿಂದಕ್ಕೆ ಚೆಲ್ಲಿ, ಬೇಕಾದ ಬಣ್ಣವನ್ನು ಒಳಕ್ಕೆ ಬಾಗಿಸುತ್ತವಂತೆ. ಕೆಳಗೆ ಕಂಬಗಳ ಸಾಲಿನಲ್ಲಿ ನಿಂತ ಪಾಚಿಗಳಿಗೆ ಮೇಲಿಂದ ಬುಡದವರೆಗೆ ಹದವಾಗಿ ಬೆಳಕು ಹಂಚಿಕೆಯಾಗುತ್ತದೆ. ಮೇಲಿನವು ಸುಟ್ಟುಹೋಗುವುದಿಲ್ಲ, ಕೆಳಗಿನವು ಹಸಿದಿರುವುದಿಲ್ಲ. ಅಷ್ಟು ಅಚ್ಚುಕಟ್ಟಾಗಿ ಬಡಿಸುವ ಏರ್ಪಾಡು ಮಾಡಿಕೊಂಡ ಪ್ರಾಣಿಯ ಮುಂದೆ ನಾವು ಯಾವುದೋ ದೀಪ ಹಚ್ಚಿ ಕೈತೊಳೆದುಕೊಂಡರೆ ಹೇಗೆ?

ಆದರೆ ಯಾವ ದೀಪ, ಎಷ್ಟು ದೀಪ ಎಂಬಲ್ಲೇ ಇರುವುದು ತಕರಾರು.

ನೀರು ಬೆಳಕನ್ನು ಒಂದೇ ಸಮ ನುಂಗುವುದಿಲ್ಲ. ಮೊದಲು ಕೆಂಪು ಹೋಗುತ್ತದೆ. ಹತ್ತು ಮೀಟರ್ ಇಳಿಯುವಷ್ಟರಲ್ಲಿ ಅದು ಹೆಚ್ಚುಕಡಿಮೆ ಮಾಯ. ಆಮೇಲೆ ಕಿತ್ತಳೆ, ಹಳದಿ. ಕೊನೆಯವರೆಗೂ ಜೊತೆಗೆ ಬರುವುದು ನೀಲಿ. ಹವಳದೊಳಗಿನ ಪಾಚಿಗಳು ಆ ನೀಲಿಯನ್ನು ಚೆನ್ನಾಗಿ ಬಳಸಿಕೊಳ್ಳುವಂತೆ ಹೊಂದಿಕೊಂಡಿವೆ. ಬಾಲ್ಕನಿಯ ಕುಂಡದ ಗಿಡಕ್ಕೆ ಹಿಡಿಸುವ ದೀಪ ಹವಳಕ್ಕೆ ಅಷ್ಟಾಗಿ ಹಿಡಿಸದಿರುವುದು ಇದರಿಂದ.

1961ರಲ್ಲಿ ಜಕಾರ್ತಾದ ಲೀ ಚಿನ್ ಎಂಗ್ ಎಂಬವರು ಸಮುದ್ರದಿಂದ ತಂದ ಜೀವಂತ ಕಲ್ಲು, ಗಾಳಿಗುಳ್ಳೆ, ಕಿಟಕಿಯ ಬಿಸಿಲು, ಇಷ್ಟರಲ್ಲೇ ಹವಳ ಸಾಕುವ ಬಗೆಯನ್ನು ಬರೆದು ಪ್ರಕಟಿಸಿದ್ದರು. ಸಮಭಾಜಕದ ಹತ್ತಿರ ಇದ್ದವರಿಗೆ ಅದು ಸಲೀಸು. ಜರ್ಮನಿಯ, ಹಾಲೆಂಡಿನ ಹವ್ಯಾಸಿಗಳು ಏನು ಮಾಡಬೇಕು? ಅವರು ಟ್ಯೂಬ್‌ಲೈಟ್ ಸಾಲುಗಳನ್ನು ಹೊಂದಿಸಿದರು, ಆಮೇಲೆ ಕ್ರಿಕೆಟ್ ಮೈದಾನದ ಕಂಬಗಳಿಗೆ ಹಾಕುವ ಮೆಟಲ್ ಹಾಲೈಡ್ ದೀಪವನ್ನು ಮನೆಯೊಳಗೆ ತಂದರು. 250 ವಾಟ್, 400 ವಾಟ್. ಬೆಳಕೇನೋ ಧಾರಾಳ, ನೀರಿನ ಮೇಲೆ ಬಿದ್ದಾಗ ತಳದಲ್ಲಿ ಬಲೆಬಲೆಯಾಗಿ ಕುಣಿಯುತ್ತಿತ್ತು. ಆದರೆ ನೀರು ಬಿಸಿಯಾಗಿ, ಅದನ್ನು ತಣಿಸಲು ಇನ್ನೊಂದು ಯಂತ್ರ, ಎರಡಕ್ಕೂ ಸೇರಿ ಕರೆಂಟ್ ಬಿಲ್ಲು. ಒಂದು ಗ್ಯಾಲನ್ ನೀರಿಗೆ ಇಷ್ಟು ವಾಟ್ ಎಂಬ ಸೂತ್ರ ಆ ಕಾಲದ್ದು. ಇವತ್ತಿಗೂ ಕೆಲವರು ಅದನ್ನು ಪಠಿಸುತ್ತಾರೆ. ವಾಟ್ ಎನ್ನುವುದು ದೀಪ ಎಷ್ಟು ಕರೆಂಟು ತಿಂದಿತೆಂದು ಹೇಳುತ್ತದೆಯೇ ಹೊರತು ಚಿಪ್ಪು ಎಷ್ಟು ಬೆಳಕು ತಿಂದಿತೆಂದು ಹೇಳುವುದಿಲ್ಲ. ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಪ್ರೊಫೆಸರ್ ಸಂಜಯ್ ಜೋಶಿ, ಸ್ವತಃ ದೊಡ್ಡ ಹವಳತೊಟ್ಟಿ ಇಟ್ಟುಕೊಂಡವರು, ಒಂದೊಂದೇ ಬಲ್ಬನ್ನು ತೆಗೆದುಕೊಂಡು ಯಾವ ಬಣ್ಣದಲ್ಲಿ ಎಷ್ಟು ಬೆಳಕು ಬರುತ್ತದೆಂದು ಅಳೆದು ಪ್ರಕಟಿಸುತ್ತ ಬಂದರು. ಈ ಹವ್ಯಾಸದಲ್ಲಿ ಅಂದಾಜಿನ ಮಾತು ಕಡಿಮೆಯಾಗಿ ಅಳತೆಯ ಮಾತು ಹೆಚ್ಚಾದದ್ದರಲ್ಲಿ ಅವರ ಪಾಲು ದೊಡ್ಡದು.

ಆಮೇಲೆ ಬಂತು ಎಲ್‌ಇಡಿ. ಕೆಂಪು, ಹಸಿರು ಎಲ್‌ಇಡಿ ಮುಂಚೆಯೇ ಇದ್ದವು. ಪ್ರಖರವಾದ ನೀಲಿ ಮಾತ್ರ ಯಾರ ಕೈಗೂ ಸಿಕ್ಕಿರಲಿಲ್ಲ. ಜಪಾನಿನ ನಿಚಿಯಾ ಕಂಪನಿಯಲ್ಲಿದ್ದ ಶೂಜಿ ನಕಮುರಾ 1993ರಲ್ಲಿ ಅದನ್ನು ಸಾಧಿಸಿದರು. ಕಂಪನಿ ಕೊಟ್ಟ ಇನಾಮು ಇಪ್ಪತ್ತು ಸಾವಿರ ಯೆನ್. ಅವರು ಕೋರ್ಟಿಗೆ ಹೋದರು, 2005ರಲ್ಲಿ ಸುಮಾರು 84 ಕೋಟಿ ಯೆನ್‌ಗೆ ರಾಜಿಯಾಯಿತು. 2014ರಲ್ಲಿ ಅಕಸಾಕಿ ಮತ್ತು ಅಮಾನೊ ಅವರೊಂದಿಗೆ ನೊಬೆಲ್ಲೂ ಬಂತು. ನೊಬೆಲ್ ಸಮಿತಿ ಮನೆಮನೆಯ ಬಿಳಿ ಬಲ್ಬನ್ನು ಮನಸ್ಸಿನಲ್ಲಿಟ್ಟುಕೊಂಡು ಪ್ರಶಸ್ತಿ ಕೊಟ್ಟಿತು; ನನ್ನ ಚಿಪ್ಪು ಅದನ್ನು ತನಗೇ ಕೊಟ್ಟದ್ದೆಂದು ತಿಳಿದರೂ ತಪ್ಪಲ್ಲ.

ಈ ಎಲ್‌ಇಡಿ ಪುರಾಣ ಹೇಳುತ್ತಿದ್ದಾಗ ಅಮ್ಮ, “ಲೈಟ್ ಫಿಶಿಂಗ್‌ನವರು ಹಾಕೂದೂ ಇದೇ ಅಲ್ವಾ?” ಎಂದರು. ಹೌದು. ಕಾರವಾರದಿಂದ ಮಲ್ಪೆಯವರೆಗೆ ನಮ್ಮ ಕರಾವಳಿಯಲ್ಲಿ ಜಗಳ ಎಬ್ಬಿಸಿದ ದೀಪವೇ ಇದು. ರಾತ್ರಿ ಕಡಲಿನಲ್ಲಿ ಜನರೇಟರ್ ಇಟ್ಟು ಇದನ್ನು ಹೊತ್ತಿಸಿದರೆ ಮೀನು ಗುಂಪುಗುಂಪಾಗಿ ಬೆಳಕಿನಡಿ ಬಂದು ಸೇರುತ್ತದೆ, ಮರಿಮಟ್ಟೆ ಎನ್ನದೆ ಬಲೆಗೆ ಬೀಳುತ್ತದೆ. ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿತು. ನಾಡದೋಣಿಯವರು ಆ ನಿಷೇಧ ಜಾರಿಯಾಗಲಿ ಎಂದು ಆಮೇಲೂ ಬೀದಿಗಿಳಿಯಬೇಕಾಯಿತು. ಅಮ್ಮ ನನ್ನ ದೀಪವನ್ನು ಆವತ್ತಿನಿಂದ ಸ್ವಲ್ಪ ಅನುಮಾನದಿಂದಲೇ ನೋಡಿದರು.

ಈಗ ನನ್ನ ತೊಟ್ಟಿಯ ಮೇಲಿರುವುದು ಐವತ್ತರವತ್ತು ವಾಟಿನ, ಅಂಗೈಯಗಲದ ಒಂದು ಡಬ್ಬಿ. ಅದರಲ್ಲಿ ಕಡುನೀಲಿ, ನೀಲಿ, ನೇರಳೆ, ಬಿಳಿ, ಒಂದಿಷ್ಟು ಕೆಂಪು, ಹಸಿರು. ಫೋನಿನಲ್ಲಿ ಒಂದೊಂದನ್ನೂ ಹೆಚ್ಚಿಸಬಹುದು, ತಗ್ಗಿಸಬಹುದು. ಇಷ್ಟು ಅಧಿಕಾರ ಕೈಗೆ ಬಂದ ಮೇಲೆ ಮನುಷ್ಯ ಸುಮ್ಮನಿರುತ್ತಾನೆಯೇ? ಎಲ್‌ಇಡಿ ಹೊಸದಾಗಿ ಬಂದಾಗ ಬೇಕಾದಷ್ಟು ಮನೆಗಳಲ್ಲಿ ಹವಳ ಬಿಳಿಚಿ ಸತ್ತದ್ದು ಬೆಳಕು ಸಾಲದೆ ಅಲ್ಲ, ಹೆಚ್ಚಾಗಿ. ಕಾರಣ ನಮ್ಮ ಕಣ್ಣು. ಮನುಷ್ಯರ ಕಣ್ಣಿಗೆ ಹಸಿರು-ಹಳದಿ ತುಂಬ ಪ್ರಕಾಶ, ಕಡುನೀಲಿ ಮಂದ. ಲಕ್ಸ್ ಮೀಟರ್ ಕೂಡ ಮನುಷ್ಯರ ಕಣ್ಣಿಗೆ ತಕ್ಕಂತೆ ಮಾಡಿದ ಸಾಧನ, ಅದೂ ನೀಲಿಯನ್ನು ಕಡಿಮೆಯೇ ಲೆಕ್ಕ ಹಾಕುತ್ತದೆ. ಹಾಗಾಗಿ ನೀಲಿ ದೀಪ ಹಚ್ಚಿದವನಿಗೆ ಇದು ಮಂಕಾಯಿತು ಎನಿಸುತ್ತದೆ, ಇನ್ನಷ್ಟು ಏರಿಸುತ್ತಾನೆ. ಅಲ್ಲಿ ಹವಳದ ಮೈಮೇಲೆ ಫೋಟಾನ್‌ಗಳ ಸುರಿಮಳೆ. ಪಾಚಿ ತಡೆಯಲಾರದೆ ವಿಷಕಾರಿ ಆಮ್ಲಜನಕ ಉಗುಳತೊಡಗಿದಾಗ ಹವಳ ಬಾಡಿಗೆದಾರರನ್ನೇ ಹೊರಹಾಕಿ ಬೆಳ್ಳಗಾಗುತ್ತದೆ.

ಇದಕ್ಕೆ ಮದ್ದು ಪಾರ್ ಮೀಟರ್. ಪಾಚಿ, ಗಿಡಗಳು ಬಳಸಬಲ್ಲ 400ರಿಂದ 700 ನ್ಯಾನೊಮೀಟರ್ ನಡುವಿನ ಬೆಳಕನ್ನು ಅದು ಫೋಟಾನ್ ಲೆಕ್ಕದಲ್ಲಿ ಎಣಿಸುತ್ತದೆ. ನಮ್ಮ ಕಣ್ಣಿನ ಇಷ್ಟಾನಿಷ್ಟ ಅದಕ್ಕೆ ಬೇಕಿಲ್ಲ. ಉಷ್ಣವಲಯದ ನಡುಹಗಲ ಬಿಸಿಲಿಗೆ ಅದು 2000ದ ಹತ್ತಿರ ತೋರಿಸುತ್ತದೆ. ಬೆಲೆ ಕೇಳಿದರೆ ದೀಪಕ್ಕಿಂತ ಮೀಟರೇ ದುಬಾರಿ. ಹಾಗಾಗಿ ಇಲ್ಲಿಯ ಹವ್ಯಾಸಿಗಳ ಕೂಟ ಒಂದನ್ನು ಕೊಂಡು ಸರದಿಯಂತೆ ಎಲ್ಲರಿಗೂ ಕೊಡುತ್ತದೆ. ಉದ್ದ ಕೋಲಿನ ತುದಿಯಲ್ಲಿ ಬಿಳಿ ಗುಂಡಿಯಂಥ ಒಂದು ಸೆನ್ಸರ್. ಅದನ್ನು ನೀರಿನಲ್ಲಿಳಿಸಿ, ತಲೆ ಆಕಾಶಕ್ಕೆ ನೆಟ್ಟಗಿರುವಂತೆ ಹಿಡಿಯಬೇಕು. ಸ್ವಲ್ಪ ವಾಲಿದರೂ ಅಂಕಿ ಬೀಳುತ್ತದೆ. ಕ್ಲೌನ್ ಹೆಣ್ಣುಮೀನು ಅದನ್ನು ಶತ್ರುವೆಂದು ತಿಳಿದು ಬಂದು ಬಂದು ಕುಟ್ಟುತ್ತದೆ. ಮರಳಿನ ಮೇಲೆ 95. ಅಣಬೆ ಹವಳ, ಗುಂಡಿ ಹವಳಗಳಿಗೆ ಅಷ್ಟು ಸಾಕು. ನಡುಗಲ್ಲಿನ ಮೇಲೆ 180. ಉದ್ದನೆಯ ಗ್ರಹಣಾಂಗ ಬೀಸುತ್ತ ನಿಲ್ಲುವ ಟಾರ್ಚ್ ಹವಳಕ್ಕೆ ಅದೂ ತುಸು ಜಾಸ್ತಿಯೇ, ಅದನ್ನು ನೆರಳಿನ ಪಕ್ಕಕ್ಕೆ ಸರಿಸಿದ್ದೇನೆ. ತುದಿಗಲ್ಲಿನಲ್ಲಿ 340, ಅದು ಅಕ್ರೊಪೊರಾ ಹವಳದ ಜಾಗ. ತೊಟ್ಟಿಯ ಮೂಲೆಯಲ್ಲಿ 60. ಗಾಜಿನಾಚೆ ನಿಂತು ನೋಡಿದರೆ ಮೂಲೆಗೂ ನಡುವಿಗೂ ಬೆಳಕಿನಲ್ಲಿ ಇಷ್ಟು ಅಂತರ ಇದೆಯೆಂದು ಯಾರಿಗೂ ಗೊತ್ತಾಗುವುದಿಲ್ಲ. ಒಂದು ಗೇಣು ಆಚೆಗಿಟ್ಟರೆ ಒಂದು ಪ್ರಾಣಿ ಹಸಿಯುತ್ತದೆ, ಈಚೆಗಿಟ್ಟರೆ ಸುಡುತ್ತದೆ.

ಚಿಪ್ಪಿರುವ ಕಲ್ಲಿನ ಮೇಲೆ 270. ಗಾತ್ರದಲ್ಲಿ ಕಿರಿಯ ಈ ಕ್ರೋಸಿಯಾ ಬೆಳಕಿನ ವಿಷಯದಲ್ಲಿ ತನ್ನ ಕುಲದಲ್ಲೇ ದೊಡ್ಡ ಹೊಟ್ಟೆಬಾಕ. ಸಮುದ್ರದಲ್ಲಿ ಅದು ತೀರ ಮೇಲುನೀರಿನಲ್ಲಿ, ಹವಳಬಂಡೆಯನ್ನು ಕೊರೆದು ಒಳಗೆ ಕೂತು, ತುಟಿಯನ್ನಷ್ಟೇ ಹೊರಚಾಚಿ ಬಿಸಿಲು ಕಾಯಿಸುತ್ತದೆ. ಅದರ ಅಣ್ಣಂದಿರಾದ ಡೆರಾಸಾ, ಸ್ಕ್ವಾಮೋಸಾಗಳು ಇಷ್ಟು ಬೆಳಕು ಕೇಳುವುದಿಲ್ಲ. ಆದರೆ ಡೆರಾಸಾ ಅರ್ಧ ಮೀಟರಿನಾಚೆಗೂ ಬೆಳೆಯುವ ಆಸಾಮಿ, ಎಂಬತ್ತು ಲೀಟರಿನಲ್ಲಿ ಎಲ್ಲಿ ಕೂರಿಸುವುದು? ಸಣ್ಣ ತೊಟ್ಟಿಯವನಿಗೆ ಸಣ್ಣ ಚಿಪ್ಪು, ಸಣ್ಣ ಚಿಪ್ಪಿಗೆ ದೊಡ್ಡ ದೀಪ.

ಅಂಕಿ ಎಷ್ಟೇ ಹೇಳಲಿ, ಕೊನೆಗೆ ಚಿಪ್ಪಿನ ಮಾತನ್ನೇ ಕೇಳಬೇಕು. ಬೆಳಿಗ್ಗೆ ದೀಪ ಇನ್ನೂ ನೀಲಿಯಾಗಿದ್ದಾಗ ಅದು ಅರೆತೆರೆದಿರುತ್ತದೆ. ಬಿಳಿ ಬೆಳಕು ಸೇರುತ್ತ ಬಂದಂತೆ ತುಟಿ ಚಿಪ್ಪಿನ ಅಂಚು ದಾಟಿ, ನಿರಿಗೆ ನಿರಿಗೆಯಾಗಿ ಹೊರಗೆ ಹರಡುತ್ತದೆ. ನಡುವೆ ಕಡುನೀಲಿ, ಅದರ ಮೇಲೆ ಕಪ್ಪು ಗೆರೆ, ಅಂಚಿನುದ್ದಕ್ಕೂ ಹಸಿರು ಚುಕ್ಕಿ. ಬೆಳಕು ಸಾಲದಿದ್ದರೆ ತುಟಿ ಅತಿಯಾಗಿ ಚಾಚಿಕೊಳ್ಳುತ್ತದೆ, ಬಣ್ಣ ಕಂದಿಗೆ ತಿರುಗುತ್ತದೆ. ಹೆಚ್ಚಾದರೆ ಅಂಚನ್ನು ಒಳಕ್ಕೆ ಮಡಚಿಕೊಂಡು ಬಿಗುಮಾನದಿಂದ ಕೂರುತ್ತದೆ, ನಡುಭಾಗದಲ್ಲಿ ಬಿಳಿಚು ಕಾಣುತ್ತದೆ. ನೀರು ಒಳಸೇರುವ ಬಾಯಿ ಹಾ ಎಂದು ಅಗಲವಾಗಿ ತೆರೆದೇ ಇದ್ದರೆ ಗಾಬರಿಪಡಬೇಕಾದ ಹೊತ್ತು.

ಅಮ್ಮ ಒಮ್ಮೆ ಗಾಜಿನ ಮೇಲೆ ಬಗ್ಗಿದಾಗ ಸೆರಗು ದೀಪಕ್ಕೆ ಅಡ್ಡ ಬಂತು. ಚಿಪ್ಪು ಥಟ್ಟನೆ ಮುದುಡಿತು. “ಅಯ್ಯ, ಕಣ್ಣುಂಟಾ ಇದಕ್ಕೆ?” ಎಂದು ಹೌಹಾರಿದರು. ಒಂದಲ್ಲ, ತುಟಿಯಂಚಿನಲ್ಲಿ ನೂರಾರು ಕಣ್ಣುಗಳಿವೆ. ಮಸೂರವಿಲ್ಲದ, ಸೂಜಿಮೊನೆಯ ರಂಧ್ರದಂಥ ಕಣ್ಣುಗಳು. ಮುಖ ಗುರುತಿಸಲು ಬಾರದಿದ್ದರೂ ನೆರಳು ಗುರುತಿಸಲು ಸಾಕು. ಸಮುದ್ರದಲ್ಲಿ ನೆರಳು ಬಿತ್ತೆಂದರೆ ಯಾವುದೋ ಮೀನು ಬಂತು ಎಂದರ್ಥ. ಅಮ್ಮ ಆಮೇಲೆ ತೊಟ್ಟಿಯ ಹತ್ತಿರ ಹೋಗುವಾಗೆಲ್ಲ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಸುಕ್ಕದ ಮಾತು ಮತ್ತೆ ಬರಲಿಲ್ಲ.

ಅವರ ಬೆರಳಲ್ಲಿ ಒಂದು ಹವಳದ ಉಂಗುರವಿದೆ. ಕುಜನಿಗೆ ಒಳ್ಳೆಯದೆಂದು ಜೋಯಿಸರು ಹೇಳಿದ್ದು. ಅದನ್ನು ತೊಟ್ಟಿಯ ಹವಳದ ಪಕ್ಕ ಹಿಡಿದು, ಇದು ಯಾಕೆ ಕೆಂಪು, ಅದು ಯಾಕೆ ಹಸಿರು ಎಂದು ಕೇಳಿದರು. ಉಂಗುರದ ಹವಳ ಮೆಡಿಟರೇನಿಯನ್ ಸಮುದ್ರದ್ದು, ಇಟಲಿಯ ಟೊರೆ ಡೆಲ್ ಗ್ರೆಕೊ ಪಟ್ಟಣ ಅದನ್ನು ಕೆತ್ತುವುದಕ್ಕೇ ಹೆಸರುವಾಸಿ. ಅದು ಮಂದಬೆಳಕಿನ ಗುಹೆಗಳಲ್ಲಿ, ಆಳದಲ್ಲಿ ಬೆಳೆಯುವಂಥದ್ದು. ಅದರೊಳಗೆ ಪಾಚಿ ಇಲ್ಲ, ಅದಕ್ಕೆ ಬಿಸಿಲಿನ ಹಂಗಿಲ್ಲ, ಆ ಕೆಂಪು ಅದರ ಎಲುಬಿನ ಬಣ್ಣ. ತೊಟ್ಟಿಯ ಹವಳಗಳ ಎಲುಬು ಬೆಳ್ಳಗೆ, ಬಣ್ಣವೆಲ್ಲ ಚರ್ಮದಲ್ಲಿ. ಒಂದಿಷ್ಟು ಪಾಚಿಯ ಕಂದು, ಒಂದಿಷ್ಟು ನೀಲಿ ಬೆಳಕನ್ನು ನುಂಗಿ ಹಸಿರಾಗಿ, ಕೆಂಪಾಗಿ ಹೊರಚೆಲ್ಲುವ ಪ್ರೋಟೀನು. ಮಾಸ್ಕೋದ ವಿಜ್ಞಾನಿಗಳು 1999ರಲ್ಲಿ ಡಿಸ್ಕೊಸೋಮಾ ಎಂಬ ಅಣಬೆ ಹವಳದಿಂದ ಅಂಥ ಒಂದು ಕೆಂಪು ಪ್ರೋಟೀನನ್ನು ಬೇರ್ಪಡಿಸಿದರು. ಈಗ ಜೀವಕೋಶಗಳೊಳಗೆ ಏನು ನಡೆಯುತ್ತಿದೆಯೆಂದು ನೋಡಲು ಜಗತ್ತಿನ ಪ್ರಯೋಗಾಲಯಗಳು ಅದನ್ನು ಗುರುತುದೀಪವಾಗಿ ಬಳಸುತ್ತವೆ. ಅದೇ ಡಿಸ್ಕೊಸೋಮಾ ನಮ್ಮ ಕೂಟದಲ್ಲಿ ಪುಕ್ಕಟೆ ಹಂಚುವಷ್ಟು ಅಗ್ಗ.

ಈ ಹೊರಚೆಲ್ಲುವ ಬಣ್ಣದಿಂದಲೇ ಶುರುವಾಗುವುದು ಚಪಲ. ಬಿಳಿಯನ್ನೆಲ್ಲ ಆರಿಸಿ ನೀಲಿ ಮಾತ್ರ ಇಟ್ಟರೆ ಹವಳಗಳು ಕತ್ತಲಲ್ಲಿ ಕೆಂಡದ ಹಾಗೆ ಉರಿಯುತ್ತವೆ. ಫೋಟೋ ತೆಗೆದರೆ ನೋಡಿದವರ ಬಾಯಿ ಕಟ್ಟುತ್ತದೆ. ಅಂಗಡಿಗಳು ಹವಳ ಮಾರುವುದೂ ಅದೇ ಬೆಳಕಿನಲ್ಲಿ. ಮನೆಗೆ ತಂದು ಹಗಲಿನ ದೀಪದಡಿ ಇಟ್ಟರೆ ನೂರು ಡಾಲರಿನ ಹವಳ ಅರಿಶಿನಕಂದು ಬಣ್ಣದ ಒಂದು ತುಣುಕು. ನೀಲಿಯಿಂದ ಹವಳಕ್ಕೆ ನಷ್ಟವೇನಿಲ್ಲ, ನೀಲಿ ಅದರ ಮುಖ್ಯ ಆಹಾರವೇ. ಆದರೆ ಚಂದ ಕಾಣಲೆಂದು ಒಟ್ಟು ಬೆಳಕನ್ನು ಇಳಿಸಿ, ಮಂದ ನೀಲಿಯಲ್ಲಿ ದಿನವಿಡೀ ಪ್ರದರ್ಶನ ನಡೆಸುವವರ ಮನೆಯ ಚಿಪ್ಪುಗಳನ್ನು ನೋಡಿದ್ದೇನೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ಚಿಪ್ಪು ಹಸಿದರೆ ಕೂಗುವುದಿಲ್ಲ. ತಿಂಗಳುಗಟ್ಟಲೆ ತನ್ನದೇ ಕೊಬ್ಬು ಕರಗಿಸಿಕೊಂಡು ನಿಭಾಯಿಸಿ, ಒಂದು ಬೆಳಿಗ್ಗೆ ಬಾಯಿ ತೆರೆದುಕೊಂಡು ಬಿದ್ದಿರುತ್ತದೆ. ನನ್ನ ಮಟ್ಟಿಗೆ ನಡುಹಗಲಿನ ಐದಾರು ತಾಸು ಪ್ರಾಣಿಗಳದ್ದು, ಆಗ ಬಿಳಿಯೂ ಸೇರಿ ಪೂರ್ತಿ ಬೆಳಕು. ಸಂಜೆ ನಾನು ಕೆಲಸ ಮುಗಿಸಿ ಬಂದ ಮೇಲಿನ ಒಂದೆರಡು ತಾಸು ನೀಲಿ ನನ್ನದು. ಈ ಒಪ್ಪಂದಕ್ಕೆ ಇಬ್ಬರದೂ ಆಕ್ಷೇಪವಿಲ್ಲ.

ಇನ್ನು ಅವಸರದ ಮಾತು. ಅಂಗಡಿಯ ಮಂದಬೆಳಕಿನಲ್ಲಿ ವಾರಗಟ್ಟಲೆ ಇದ್ದ ಹವಳವನ್ನು ತಂದ ದಿನವೇ 300 ಅಂಕಿಯ ಬೆಳಕಿನಡಿ ಇಡುವುದು ಏಕಾದಶಿ ಉಪವಾಸ ಮಾಡಿದವನ ಎಲೆಗೆ ಮದುವೆಯೂಟ ಸುರಿದ ಹಾಗೆ. ಮೊದಲು ಮರಳಿನ ಮೇಲೆ, ಆಮೇಲೆ ನಡುಗಲ್ಲು, ವಾರಗಳು ಕಳೆದ ಮೇಲೆ ಮೇಲಕ್ಕೆ. ದೀಪ ಬದಲಿಸಿದರೆ ಅರ್ಧ ಬೆಳಕಿನಿಂದ ಶುರು. ಬೆಳಕು ತಾನಾಗಿ ಬದಲಾಗುವ ದಾರಿಗಳೂ ಇವೆ, ಅವು ಬಹಳ ಜನರ ಗಮನಕ್ಕೆ ಬರುವುದಿಲ್ಲ. ಗುಳ್ಳೆ ಒಡೆದು ಸಿಡಿಯುವ ಉಪ್ಪು ದೀಪದ ಕೆಳಗಿನ ಫಲಕದ ಮೇಲೆ ಬಿಳಿ ಪೊರೆಯಾಗಿ ಕೂರುತ್ತದೆ. ಒರೆಸದೆ ಬಿಟ್ಟರೆ ಬೆಳಕು ದಿನದಿನಕ್ಕೂ ಸೊರಗುತ್ತದೆ. ಹಳೆಯ ನೀರು ತೆಳು ಹಳದಿಯಾಗಿ ನೀಲಿಯನ್ನೇ ಮೊದಲು ನುಂಗುತ್ತದೆ. ಹೀಗಿದ್ದಾಗ ಒಂದು ಭಾನುವಾರ ಉತ್ಸಾಹ ಬಂದು ಫಲಕವನ್ನೂ ಒರೆಸಿ, ಹೊಸ ಇದ್ದಿಲನ್ನೂ ಹಾಕಿ ನೀರು ತಿಳಿ ಮಾಡಿದರೆ, ದೀಪವನ್ನು ಮುಟ್ಟದೆಯೇ ಬೆಳಕು ಏರಿಬಿಡುತ್ತದೆ. ದಿನಕ್ಕೊಂದು ಕೆಲಸ ಎನ್ನುವುದು ಈ ವಿಷಯದಲ್ಲಿ ಸೋಮಾರಿತನವಲ್ಲ.

ರಾತ್ರಿಯ ಬಗ್ಗೆ ಒಂದೇ ಮಾತು: ರಾತ್ರಿ ನಿಜವಾಗಿಯೂ ರಾತ್ರಿಯಾಗಿರಬೇಕು. ಗ್ರೇಟ್ ಬ್ಯಾರಿಯರ್ ರೀಫಿನ ಹವಳಗಳು ವರ್ಷಕ್ಕೊಮ್ಮೆ, ಹುಣ್ಣಿಮೆಯಾದ ಕೆಲವು ರಾತ್ರಿಗಳ ನಂತರ, ಒಟ್ಟಾಗಿ ಬೀಜ-ಮೊಟ್ಟೆ ಬಿಡುತ್ತವೆಂಬುದು 1980ರ ದಶಕದ ಆರಂಭದಲ್ಲಿ ಬೆಳಕಿಗೆ ಬಂದ ಸಂಗತಿ. ಲಂಡನ್ನಿನ ಹಾರ್ನಿಮನ್ ಮ್ಯೂಸಿಯಂನಲ್ಲಿ ಜೇಮೀ ಕ್ರ್ಯಾಗ್ಸ್ 2012ರಲ್ಲಿ ಆರಂಭಿಸಿದ ಯೋಜನೆಯಲ್ಲಿ ತೊಟ್ಟಿಯೊಳಗೇ ಋತುಮಾನ, ಸೂರ್ಯೋದಯ, ಚಂದ್ರೋದಯಗಳನ್ನು ದೀಪದಿಂದ ಅನುಕರಿಸಿ ಹವಳಗಳು ಬೀಜ-ಮೊಟ್ಟೆ ಬಿಡುವಂತೆ ಮಾಡಿದರು. ಲಂಡನ್ನಿನ ಮಳೆಯಲ್ಲಿ, ಗೋಡೆಗಳ ನಡುವೆ, ಹವಳಕ್ಕೆ ಶಾಂತಸಾಗರದ ಹುಣ್ಣಿಮೆ! ನಾನು ಅಷ್ಟು ದೂರ ಹೋಗುವವನಲ್ಲ. ಹಾಲಿನ ಬಲ್ಬನ್ನು ಹತ್ತಕ್ಕೆ ಆರಿಸಿದರೆ ನನ್ನ ಕರ್ತವ್ಯ ಮುಗಿಯಿತು.

ಹೆಂಡತಿಯ ಕರೆಂಟ್ ಬಿಲ್ಲಿನ ತಕರಾರಿಗೆ ನಾನು ಕಂಡುಕೊಂಡ ಉತ್ತರ ಇದು: ಸಿಯಾಟಲ್‌ನ ವಿದ್ಯುತ್ತು ಬಹುಪಾಲು ಜಲವಿದ್ಯುತ್ತು, ಅದರಲ್ಲಿ ಒಂದು ಪಾಲು ಸ್ಕ್ಯಾಗಿಟ್ ನದಿಯ ಅಣೆಕಟ್ಟುಗಳದ್ದು. ಅಂದರೆ ನಮ್ಮ ಸೂರ್ಯನನ್ನು ಮುಚ್ಚಿದ ಇದೇ ಮೋಡ ಬೆಟ್ಟದ ಮೇಲೆ ಮಳೆಯಾಗಿ ಸುರಿದು, ಟರ್ಬೈನ್ ತಿರುಗಿಸಿ, ಚಿಪ್ಪಿಗೆ ಸೂರ್ಯನಾಗಿ ಬರುತ್ತದೆ. ಅವಳು ಇದನ್ನು ಉತ್ತರವೆಂದು ಒಪ್ಪಿಲ್ಲ.

ಅಮ್ಮ ಊರಿಗೆ ಹೋಗಿ ಚಿಪ್ಪಿನ ನೂರಾರು ಕಣ್ಣಿನ ವರ್ಣನೆ ಮಾಡಿದ್ದೇ ತಡ, ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗ ಫೋನು ಮಾಡಿದ. ಅಲ್ಲಿ ಬಿಸಿಲಿಗೆ ಬರವಿಲ್ಲ, ದೀಪಕ್ಕೂ ಬರವಿಲ್ಲ, ಹವಳವನ್ನೂ ಚಿಪ್ಪನ್ನೂ ಯಾರೋ ತರಿಸಿಕೊಡುತ್ತಾರಂತೆ, ಯಾವ ದೀಪ ಕೊಳ್ಳಲಿ ಎಂದು ಕೇಳಿದ. ಯಾವುದನ್ನೂ ಕೊಳ್ಳಬೇಡ ಎಂದೆ. ಹವಳದಿಬ್ಬ ಕಟ್ಟುವ ಎಲ್ಲ ಕಲ್ಲುಹವಳಗಳನ್ನೂ ಭಾರತ ಸರ್ಕಾರ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ, ಅಂದರೆ ಹುಲಿ ಇರುವ ಪಟ್ಟಿಗೇ, ಸೇರಿಸಿತು. ಮ್ಯಾಕ್ಸಿಮಾ, ಸ್ಕ್ವಾಮೋಸಾದಂಥ ದೈತ್ಯ ಚಿಪ್ಪುಗಳಿಗೂ ಅದೇ ರಕ್ಷಣೆ. ನಾನು ಇರುವ ದೇಶದಲ್ಲಿ ಸಾಕಣೆಯ ಚಿಪ್ಪು ರಸೀದಿಯ ಸಮೇತ ಸಿಗುತ್ತದೆ. ಅಲ್ಲಿ ಕದ್ದುಮುಚ್ಚಿ ಬರುವ ಹವಳ ಯಾವ ದಿಬ್ಬದಿಂದ ಮುರಿದದ್ದೆಂದು ಕೇಳುವಂತೆಯೂ ಇಲ್ಲ. ನೋಡುವ ಆಸೆಯಿದ್ದರೆ ಮಳೆಗಾಲ ಮುಗಿದ ಮೇಲೆ ಮುರುಡೇಶ್ವರಕ್ಕೆ ಹೋಗು, ಅಲ್ಲಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ನೇತ್ರಾಣಿ ದ್ವೀಪವಿದೆ, ಸುತ್ತಲಿನ ನೀರಿನಲ್ಲಿ ಹವಳವಿದೆ, ಮುಳುಗಿಸಿ ತೋರಿಸಿಕೊಂಡು ಬರುವವರಿದ್ದಾರೆ, ಏನನ್ನೂ ಮುಟ್ಟದೆ ನೋಡಿ ಬಾ ಎಂದೆ. ಇದನ್ನು ಓದಿ ದೀಪದ ಬೆಲೆ ವಿಚಾರಿಸಲು ಹೊರಟ ಊರಿನ ಓದುಗರಿಗೂ ನನ್ನ ಕೋರಿಕೆ ಅದೇ.